ಏನೂ ಆಗಿಲ್ಲ, ಆದ್ರೂ ಬೇಜಾರು

ಮನಸ್ಸಿನ ವಿಷಯ ಆಗಾಗ ಬರೆಯುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಈ ಪ್ರಶ್ನೆ ನನ್ನ ಪಾಲಿಗೆ ಬಂದಿದೆ. ಕೇಳುವವರು ಬೇರೆ ಬೇರೆ, ಮಾತು ಮಾತ್ರ ಹೆಚ್ಚುಕಡಿಮೆ ಒಂದೇ. "ಏನೂ ಆಗಿಲ್ಲ. ಎಲ್ಲ ಸರಿಯಾಗೇ ಇದೆ. ಆದ್ರೂ ಬೇಜಾರು. ಯಾಕೆ ಹೀಗೆ?" ಕೆಲವರಂತೂ ತಪ್ಪು ಒಪ್ಪಿಕೊಳ್ಳುವವರ ಹಾಗೆ ದನಿ ತಗ್ಗಿಸಿ ಕೇಳುತ್ತಾರೆ.

ನಾನು ಡಾಕ್ಟರಲ್ಲ. ಆದರೂ ಒಂದು ಉತ್ತರ ಇಟ್ಟುಕೊಂಡಿದ್ದೇನೆ. ಅದೂ ಪ್ರಶ್ನೆಯೇ: ಯಾವ ಬೇಜಾರು?

ನಮ್ಮ ಭಾಷೆಯಲ್ಲಿ ಈ ಪದಕ್ಕೆ ಕೆಲಸ ಜಾಸ್ತಿ. ಹೊತ್ತು ಹೋಗದಿದ್ದರೆ ಬೇಜಾರು. ಗೆಳೆಯ ಹೇಳದೆ ಹೊರಟರೆ ಅವನ ಮೇಲೆ ಬೇಜಾರು. ಬೇಕಾದವರು ತೀರಿಕೊಂಡರೂ "ತುಂಬಾ ಬೇಜಾರಾಯ್ತು" ಅನ್ನುತ್ತೇವೆ. ಬೇಸರ, ಮುನಿಸು, ದುಃಖ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದೇವೆ. ಬೇರೆ ಪದಗಳಿಲ್ಲ ಅಂತೇನಲ್ಲ. ಒಳಗೊಳಗೇ ತಿನ್ನುವುದು ಕೊರಗು. ಕಾರಣ ಹೇಳದೆ ಮುಖದ ಮೇಲೆ ಬಂದು ಕೂರುವುದು ದುಗುಡ. ಕೈತಪ್ಪಿದ್ದನ್ನೇ ನೆನೆನೆನೆದು ಪಡುವುದು ಹಳಹಳಿ. ಬಂದವರೆಲ್ಲ ಹೊರಟ ಮೇಲೆ ಮನೆ ಬಿಕೋ ಅನ್ನುತ್ತದಲ್ಲ, ಅದಕ್ಕೆ ಹೆಸರೂ ಬೇಕಿಲ್ಲ, ಆ 'ಬಿಕೋ' ಒಂದೇ ಸಾಕು. "ಏನೂ ಆಗಿಲ್ಲ" ಅಂದವರ ಜೊತೆ ಹತ್ತು ನಿಮಿಷ ಕೂತು ಚೀಲ ಬಿಚ್ಚಿಸಿದರೆ, ಸಾಮಾನ್ಯವಾಗಿ ಏನೋ ಆಗಿರುತ್ತದೆ. ತೀರಾ ಸಣ್ಣದು ಅಂತ ಅವರೇ ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಾನು ಕಂಡ ಹಾಗೆ ಜನ ಜಾಸ್ತಿ ಬಚ್ಚಿಡುವುದು, ತನ್ನನ್ನು ಬಿಟ್ಟರು ಅನ್ನುವ ಬೇಜಾರನ್ನು. ಎಲ್ಲರೂ ಸೇರಿದ್ದರು, ನನ್ನನ್ನು ಕರೆಯಲಿಲ್ಲ. ಗ್ರೂಪಿನಲ್ಲಿ ನಾನು ಹಾಕಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ, ಆಮೇಲೆ ಬಂದವರ ಮಾತಿಗೆ ಎಲ್ಲರೂ ನಕ್ಕರು. ಬಾಯಿಬಿಟ್ಟು ಹೇಳಿದರೆ ನಾವೇ ಚಿಕ್ಕವರಾಗುತ್ತೇವೆ. ಹಾಗಾಗಿ ಸುಮ್ನಿರುತ್ತೇವೆ.

ಕಿಪ್ಲಿಂಗ್ ವಿಲಿಯಮ್ಸ್ ಅನ್ನುವ ಮನೋವಿಜ್ಞಾನಿಗೆ ಇದು ಪಾರ್ಕಿನಲ್ಲಿ ಆಯಿತು. ಯಾರದೋ ಫ್ರಿಸ್ಬಿ ಬಂದು ಹತ್ತಿರ ಬಿತ್ತು, ಎತ್ತಿ ಎಸೆದರು. ಆಡುತ್ತಿದ್ದ ಅಪರಿಚಿತರಿಬ್ಬರು ಅವರಿಗೂ ಸ್ವಲ್ಪ ಹೊತ್ತು ಎಸೆದರು. ಆಮೇಲೆ ಅದನ್ನು ನಿಲ್ಲಿಸಿ ತಮ್ಮ ಪಾಡಿಗೆ ಆಡಿಕೊಂಡರು. ಅಷ್ಟೇ. ಹೆಸರೂ ಗೊತ್ತಿಲ್ಲದ ಜನ, ಆದರೂ ಚುಚ್ಚಿತು. ಅದನ್ನೇ ಅವರು ಕಂಪ್ಯೂಟರ್ ಆಟ ಮಾಡಿದರು. ತೆರೆಯ ಮೇಲೆ ಮೂವರು, ಒಂದು ಚೆಂಡು. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ನಿಮಗೆ ಚೆಂಡು ಕೊಡುವುದೇ ಇಲ್ಲ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು, ಅವರಲ್ಲಿ ವಿಲಿಯಮ್ಸ್ ಕೂಡ ಒಬ್ಬರು, ಸ್ಕ್ಯಾನರಿನೊಳಗೆ ಮಲಗಿದವರಿಗೆ ಈ ಆಟ ಆಡಿಸಿದರು. ಮೈಗೆ ನೋವಾದಾಗ ಚುರುಕಾಗುವ ಮಿದುಳಿನ ಒಂದು ಭಾಗ, ಚೆಂಡು ಸಿಗದಾಗಲೂ ಚುರುಕಾಯಿತು. ಮರುವರ್ಷ ಬಂದ ಇನ್ನೊಂದು ಪ್ರಯೋಗದಲ್ಲಿ, ಎದುರಿಗೆ ಆಡುತ್ತಿರುವುದು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಅಂತ ಕೆಲವರಿಗೆ ಮೊದಲೇ ಹೇಳಿದ್ದರು. ಅವರಿಗೂ ಬೇಜಾರಾಯಿತು! ಯಂತ್ರ ಚೆಂಡು ಕೊಡದಿದ್ದರೇ ಹೀಗೆ. ಸ್ವಂತ ಅಕ್ಕ ಮಾತು ಬಿಟ್ಟರೆ ಇನ್ನೇನಾಗಬೇಡ?

ಇನ್ನೊಂದು, "ಇನ್ನೇನು ಸಿಕ್ಕೇಬಿಟ್ಟಿತ್ತು" ಅನ್ನುವ ಬೇಜಾರು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಬೆಳ್ಳಿ, ಕಂಚು ಗೆದ್ದವರ ವಿಡಿಯೊಗಳನ್ನು ಸಂಶೋಧಕರು ಜನಕ್ಕೆ ತೋರಿಸಿ, ಇವರ ಮುಖದಲ್ಲಿ ಎಷ್ಟು ಖುಷಿ ಕಾಣುತ್ತದೆ ಅಂತ ಕೇಳಿದರು. ಮೂರನೆಯವರೇ ಎರಡನೆಯವರಿಗಿಂತ ಖುಷಿಯಾಗಿ ಕಂಡರು. ಬೆಳ್ಳಿ ಗೆದ್ದವರ ಕಣ್ಣು ಚಿನ್ನದ ಮೇಲೆ. ಕಂಚು ಗೆದ್ದವರಿಗೆ, ಬರಿಗೈಲಿ ಹೋಗುವುದು ತಪ್ಪಿತಲ್ಲ ಅನ್ನುವ ನೆಮ್ಮದಿ. ಒಂದೇ ಅಂಕಕ್ಕೆ ಕೆಲಸ ತಪ್ಪಿದವರಿಗೆ "ಅಷ್ಟು ಹತ್ತಿರ ಬಂದಿದ್ರಲ್ಲ" ಅಂತ ದಯವಿಟ್ಟು ಸಮಾಧಾನ ಹೇಳಬೇಡಿ. ಅವರಿಗೆ ಉರಿಯುತ್ತಿರುವುದೇ ಅದು.

ಒಳ್ಳೆಯದಾದ ಮೇಲೆ ಬರುವ ಬೇಜಾರೂ ಇದೆ, ಅದನ್ನು ಯಾರೂ ನಂಬುವುದಿಲ್ಲ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನುವ ಇಬ್ಬರು ವೈದ್ಯರು, ಬದುಕನ್ನು ಅಲುಗಾಡಿಸುವ 43 ಸಂಗತಿಗಳ ಪಟ್ಟಿ ಮಾಡಿ ಒಂದೊಂದಕ್ಕೂ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿ ತೀರಿಕೊಂಡರೆ 100. ಕೆಲಸದಿಂದ ತೆಗೆದುಹಾಕಿದರೆ 47. ಮದುವೆಗೆ 50! ಅದು ದುಃಖದ ಪಟ್ಟಿಯಲ್ಲ, ಎಷ್ಟು ಹೊಂದಿಕೊಳ್ಳಬೇಕಾಗುತ್ತದೆ ಅನ್ನುವುದರ ಲೆಕ್ಕ. ಆದರೂ ನನಗೆ ಅದನ್ನು ನೋಡಿ ಸಮಾಧಾನವಾಗಿತ್ತು. ಬಹಳ ವರ್ಷ ಕಾದು ಹಿಡಿದ ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬನೇ ಕೂತು ಮಂಕಾಗಿದ್ದೆ. ಕಾಯುವುದೂ ಒಂದು ಜೊತೆಯಾಗಿತ್ತು, ಅದು ಹೋಗಿತ್ತು.

ಕೆಲವು ಸಲ ನಿಜವಾಗಿಯೂ ಏನೂ ಆಗಿರುವುದಿಲ್ಲ, ಆಗಿರುವುದು ದೇಹಕ್ಕೆ. ನಾಲ್ಕು ರಾತ್ರಿ ನಿದ್ದೆಗೆಟ್ಟು ನೋಡಿ, ಬದುಕೇ ದಂಡ ಅನ್ನಿಸುತ್ತದೆ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೂ ಮನಸ್ಸು ಕುಗ್ಗುತ್ತದೆ. ಹೆರಿಗೆಯಾದ ಮೊದಲ ವಾರದಲ್ಲಿ ಎಷ್ಟೋ ತಾಯಂದಿರಿಗೆ ಸುಮ್ನೆ ಅಳು ಬರುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ ಅದು ಬೇರೆ ಮಾತು. ತಾಯಂದಿರಿಗೆ ಅಂತಲ್ಲ, ಯಾರಿಗೇ ಆಗಲಿ, ದಿನದ ಬಹುಪಾಲು ಹೊತ್ತು ಮನಸ್ಸು ಭಾರ, ಇಷ್ಟದ ಕೆಲಸವೂ ಬೇಡ, ಊಟ ನಿದ್ದೆ ಎರಡೂ ಕೆಟ್ಟಿವೆ, ಹೀಗೇ ಎರಡು ವಾರವಾಗಿದೆ ಅಂದರೆ ಡಾಕ್ಟರ ಹತ್ತಿರ ಹೋಗಿ. ನನ್ನಂಥವರು ಬರೆದದ್ದನ್ನು ಓದುತ್ತಾ ಕೂರಬೇಡಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವುದೂ ಬೇಡ, ಅವತ್ತೇ ಹೋಗಿ.

ಉಳಿದದ್ದು, ತಡವಾಗಿ ಬರುವ ದುಃಖ. ಅಪ್ಪ ಹೋದಾಗ ನಾನು ಅಳಲಿಲ್ಲ. ಓಡಾಟ ಇತ್ತು, ಸಹಿ ಹಾಕುವುದಿತ್ತು, ಬಂದವರನ್ನು ಕೂರಿಸುವುದಿತ್ತು. "ಗಟ್ಟಿಗ" ಅಂದರು ಜನ. ನಾನೂ ಹಾಗೇ ಅಂದುಕೊಂಡೆ.

ಏಳೆಂಟು ತಿಂಗಳ ಮೇಲೆ ಒಂದು ರಾತ್ರಿ ಮನೆಯಲ್ಲಿ ಫ್ಯೂಸ್ ಹೋಯಿತು. ಟಾರ್ಚ್ ಹಿಡಿದು ಸ್ವಿಚ್ ಬೋರ್ಡಿನ ಮುಚ್ಚಳ ತೆಗೆದೆ. ಒಂದೊಂದರ ಕೆಳಗೂ ಚೀಟಿ ಅಂಟಿಸಿತ್ತು, ಅಪ್ಪನ ಗುಂಡು ಅಕ್ಷರ. 'ಮಹಡಿ'. 'ಹಿಂದಿನ ಕೋಣೆ'. 'ಪಂಪು'. ಕೊನೆಯದರ ಕೆಳಗೆ, 'ಇದನ್ನು ಮುಟ್ಟಬೇಡ'. ಮುಟ್ಟಬೇಡಿ ಅಂತಲ್ಲ, ಮುಟ್ಟಬೇಡ. ಅದು ನನಗೇ ಬರೆದದ್ದು. ಚಿಕ್ಕಂದಿನಲ್ಲಿ ಒಮ್ಮೆ ಅದನ್ನು ಎಳೆದು ಮನೆಯೆಲ್ಲ ಕತ್ತಲು ಮಾಡಿದ್ದೆ.

ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಒಳಗಿನಿಂದ ಅಮ್ಮ, "ಏನಾಯ್ತೋ?" ಅಂದರು.

"ಏನೂ ಇಲ್ಲಮ್ಮ," ಅಂದೆ. "ಫ್ಯೂಸ್ ಹೋಗಿದೆ."