ಟಾಪ್ ಬಿಚ್ಚುವ ಕಾರಿಗೆ ವೀಲ್ ಆರಿಸುವಾಗ ನಾನು ಮೊದಲು ಟೈರ್ ಬಗ್ಗೆ ಯಾಕೆ ಕೇಳುತ್ತೇನೆ

ನನ್ನದು ಟೈರ್, ವೀಲ್ ಮತ್ತು ಅಲೈನ್‌ಮೆಂಟ್ ಕೆಲಸ. ಅಲಾಯ್ ವೀಲ್ ಹಾಕಿಸಬೇಕು ಅಂತ ಬರುವವರು ಸಾಮಾನ್ಯವಾಗಿ ಮೊದಲು ಫೋನ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. "ಇದೇ ಡಿಸೈನ್ ಬೇಕು, 18 ಇಂಚು ಕೂರುತ್ತಾ?" ಅಂತ ಕೇಳುತ್ತಾರೆ. ಸೆಡಾನ್ ಆದರೆ ಮಾತು ಅಲ್ಲಿಂದ ಶುರುವಾದರೂ ತೊಂದರೆ ಇಲ್ಲ. ಎರಡು ಸೀಟಿನ, ಟಾಪ್ ಬಿಚ್ಚಿ ಓಡಿಸುವ ಸ್ಪೋರ್ಟ್ಸ್ ಕಾರು ಬಂದರೆ ನಾನು ಫೋಟೋ ನೋಡುವ ಮೊದಲು ಬೇರೆ ಪ್ರಶ್ನೆ ಕೇಳುತ್ತೇನೆ. ಯಾವ ಟೈರ್ ಹಾಕ್ತೀರಿ? ಎಂಥ ರಸ್ತೆಯಲ್ಲಿ ಓಡಿಸ್ತೀರಿ? ವಾರಕ್ಕೆ ಎಷ್ಟು ಸಲ ಹೊರಗೆ ತೆಗೀತೀರಿ? ಟೈರ್ ಮೊದಲು, ಆಮೇಲೆ ವೀಲಿನ ತೂಕ, ಡಿಸೈನ್ ಕೊನೆಗೆ. ಈ ಕ್ರಮ ನನಗೆ ಕೆಲಸದಲ್ಲೇ ಗಟ್ಟಿಯಾಗಿದ್ದು.

ಕಾರಣ ಬಾಡಿಯಲ್ಲಿದೆ. ಮುಚ್ಚಿದ ಕಾರಿನಲ್ಲಿ ಮುಂದಿನ ಗಾಜಿನ ಚೌಕಟ್ಟು ಮತ್ತು ಹಿಂಭಾಗವನ್ನು ರೂಫ್ ಹಿಡಿದು ಕಟ್ಟಿರುತ್ತದೆ. ಟಾಪ್ ಬಿಚ್ಚುವ ಕಾರಿನಲ್ಲಿ ಆ ಕಟ್ಟು ಇಲ್ಲ. ತಯಾರಕರು ಬಾಗಿಲ ಕೆಳಗಿನ ಪಟ್ಟಿಗಳನ್ನು, ತಳದ ಅಡ್ಡಕಂಬಿಗಳನ್ನು ಬಲಪಡಿಸಿ ಅದನ್ನು ಸರಿದೂಗಿಸುತ್ತಾರೆ. ಆದರೂ ಬಾಡಿ ಸ್ವಲ್ಪ ತಿರುಚುತ್ತದೆ. ಒಂದು ವೀಲ್ ಗುಂಡಿಗೆ ಬಿದ್ದಾಗ ಆ ಏಟು ಮುಂದಿನ ಗಾಜಿನ ಚೌಕಟ್ಟಿನವರೆಗೂ ಹೋಗಿ ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಕಂಬ ಎಲ್ಲ ನಡುಗುತ್ತವೆ. ಇದಕ್ಕೆ ಕೌಲ್ ಶೇಕ್ ಅಥವಾ ಸ್ಕಟಲ್ ಶೇಕ್ ಅನ್ನುತ್ತಾರೆ. ವೀಲ್ ಭಾರವಾದಷ್ಟೂ, ಟೈರಿನ ಪಕ್ಕದ ಗೋಡೆ ಕಿರಿದಾದಷ್ಟೂ ಈ ನಡುಕ ಜಾಸ್ತಿ.

ಇದನ್ನು ನಾನು ಕಣ್ಣಾರೆ ನೋಡಿದ್ದು ಮೊದಲ ತಲೆಮಾರಿನ ಒಂದು ಮಜ್ದಾ ಎಂಎಕ್ಸ್-5ರಲ್ಲಿ, ಅಂದರೆ 1989ರಿಂದ ಬಂದ, ಎನ್‌ಎ ಅಂತ ಕರೆಯುವ ಮಾಡೆಲ್‌ನಲ್ಲಿ. "ಶಾಕ್ ಅಬ್ಸಾರ್ಬರ್ ಹೋಗಿದೆ ಅನ್ಸುತ್ತೆ, ನಾಲ್ಕೂ ಬದಲಾಯಿಸಿಬಿಡಿ ಸರ್" ಅಂತ ಮಾಲೀಕರು ಗಾಡಿ ತಂದಿದ್ದರು. ಅದಕ್ಕೆ 17 ಇಂಚಿನ ಎರಕದ ವೀಲ್, 205/40 ಆರ್17 ಟೈರ್ ಹಾಕಿತ್ತು. 205 ಅಂದರೆ ಟೈರಿನ ಅಗಲ ಮಿ.ಮೀ.ನಲ್ಲಿ, 40 ಅಂದರೆ ಪಕ್ಕದ ಗೋಡೆ ಆ ಅಗಲದ ಶೇಕಡ ಎಷ್ಟು ಅನ್ನುವುದು, 17 ಅಂದರೆ ವೀಲಿನ ವ್ಯಾಸ ಇಂಚಿನಲ್ಲಿ. ನಮ್ಮ ಫೋರ್‌ಮನ್ ಶಾಕ್‌ಗಳನ್ನು ನೋಡಿದರು. ಎಣ್ಣೆ ಸೋರಿರಲಿಲ್ಲ. "ಅದನ್ನ ಮುಟ್ಟಬೇಡ. ಮೊದಲು ಆ 15 ಇಂಚಿನ ಸೆಟ್ ಹಾಕಿ ಒಂದು ಸುತ್ತು ಹೋಗಿ ಬಾ" ಅಂದರು. ಆ ಸೆಟ್‌ನಲ್ಲಿ ಇದ್ದದ್ದು 195/50 ಆರ್15. ಅದೇ ಒರಟು ರಸ್ತೆಯಲ್ಲಿ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸಲವೂ ಓಡಿಸಿದೆ. ಮೊದಲ ಸಲ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಕಲಸಿಹೋದ ಹಾಗೆ ಕಾಣುತ್ತಿತ್ತು. ಎರಡನೇ ಸಲ ಅದರ ನಂಬರ್ ಪ್ಲೇಟ್ ಓದಬಹುದಿತ್ತು. ಶಾಕ್‌ಗಳು ಅವೇ, ಬಾಡಿ ಅದೇ.

ಲೆಕ್ಕ ಹಾಕಿದರೆ ಆಶ್ಚರ್ಯವೇನೂ ಇಲ್ಲ. ಆ ಕಾರು ಫ್ಯಾಕ್ಟರಿಯಿಂದ 185/60 ಆರ್14 ಟೈರ್ ಹಾಕಿಕೊಂಡು ಬಂದದ್ದು. 185ರ ಶೇಕಡ 60 ಅಂದರೆ ಪಕ್ಕದ ಗೋಡೆ 111 ಮಿ.ಮೀ. 205ರ ಶೇಕಡ 40 ಅಂದರೆ 82 ಮಿ.ಮೀ. ಗುಂಡಿಯ ಏಟು ನುಂಗುವ ರಬ್ಬರ್ ಮತ್ತು ಗಾಳಿಯ ಪದರದಲ್ಲಿ ಸುಮಾರು ಕಾಲು ಭಾಗ ಹೋಯಿತು. 195/50ರಲ್ಲಿ ಗೋಡೆ 97 ಮಿ.ಮೀ.ಗಿಂತ ಸ್ವಲ್ಪ ಮೇಲೇ ಸಿಗುತ್ತದೆ. ಪೂರ್ತಿ ವ್ಯಾಸ ನೋಡಿ: ಫ್ಯಾಕ್ಟರಿ ಟೈರಿನದು ಸುಮಾರು 578 ಮಿ.ಮೀ., 195/50 ಆರ್15ರದು 576, 205/40 ಆರ್17ರದು 596. ಹದಿನೈದು ಇಂಚಿನದು ಹೆಚ್ಚುಕಮ್ಮಿ ಮೂಲ ಅಳತೆಯೇ. ಹದಿನೇಳರದು ಶೇಕಡ 3 ದೊಡ್ಡದು. ವ್ಯಾಸ ದೊಡ್ಡದಾದರೆ ಗೇರ್ ಉದ್ದವಾದ ಹಾಗೆ ಆಗುತ್ತದೆ, ಸಣ್ಣ ಇಂಜಿನ್ನಿನ ಕಾರು ಎಳೆಯುವುದು ಮಂದವಾಗುತ್ತದೆ. ಸ್ಪೀಡೋಮೀಟರ್ ಕೂಡ ಮೊದಲಿಗಿಂತ ಕಮ್ಮಿ ತೋರಿಸುತ್ತದೆ.

ಇನ್ನು ತೂಕ. 17 ಇಂಚಿನ ಎರಕದ ವೀಲ್ ಒಂದಕ್ಕೆ 9ರಿಂದ 11 ಕೆಜಿ ಸಾಮಾನ್ಯ. ಅದೇ ಅಳತೆಯಲ್ಲಿ ಫ್ಲೋ ಫಾರ್ಮಿಂಗ್ ಮಾಡಿದ್ದು, ಅಂದರೆ ರಿಮ್ಮಿನ ಸುತ್ತನ್ನು ಬಿಸಿಯಲ್ಲಿ ರೋಲರ್‌ನಿಂದ ಒತ್ತಿ ತೆಳ್ಳಗೆ ಗಟ್ಟಿ ಮಾಡಿದ್ದು, 8 ಕೆಜಿಯ ಆಚೀಚೆ ಸಿಗುತ್ತದೆ. ಫೋರ್ಜ್ ಮಾಡಿದ್ದು, ಅಂದರೆ ಲೋಹದ ಗಟ್ಟಿಯನ್ನು ಭಾರಿ ಒತ್ತಡದಲ್ಲಿ ಒತ್ತಿ ರೂಪಿಸಿದ್ದು, ಇನ್ನೂ ಹಗುರ. ಒಂದು ಟನ್ನಿನ ಆಸುಪಾಸಿನ ಕಾರಿನಲ್ಲಿ ಒಂದೊಂದು ವೀಲಿಗೆ ಎರಡು ಕೆಜಿ ದೊಡ್ಡದೇ, ಯಾಕೆಂದರೆ ಈ ತೂಕ ಸ್ಪ್ರಿಂಗಿನ ಕೆಳಗಿದೆ. ಪ್ರತಿ ಏಟಿಗೂ ಶಾಕ್ ಅದನ್ನು ಹಿಡಿದು ನಿಲ್ಲಿಸಬೇಕು. ಮೇಲಾಗಿ ಇದು ತಿರುಗುವ ತೂಕ. ನಡುವಿನಿಂದ ದೂರ ಹೋದಷ್ಟೂ ಅದನ್ನು ತಿರುಗಿಸಲು, ನಿಲ್ಲಿಸಲು ಬೇಕಾದ ಬಲ ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದಕ್ಕೇ ಟೈರಿನ ತೂಕವನ್ನೂ ಕೇಳಿ. ಅದು ಎಲ್ಲಕ್ಕಿಂತ ಹೊರಗಿರುವ ತೂಕ. ವೀಲಿನಲ್ಲಿ ಒಂದು ಕೆಜಿ ಉಳಿಸಿ ಟೈರಿನಲ್ಲಿ ಒಂದೂವರೆ ಕೆಜಿ ಸೇರಿಸಿಕೊಂಡವರನ್ನು ನೋಡಿದ್ದೇನೆ. ನಾನು ಕೌಂಟರ್ ಪಕ್ಕದಲ್ಲೇ ಒಂದು ತೂಕದ ಯಂತ್ರ ಇಟ್ಟಿದ್ದೇನೆ. ಎರಡು ವೀಲನ್ನು ಗ್ರಾಹಕರ ಕೈಯಲ್ಲೇ ಎತ್ತಿಸಿದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.

ಹಗುರ ಅಂದ ಮಾತ್ರಕ್ಕೆ ಯಾವುದನ್ನೋ ಹಾಕಬಾರದು. ಸ್ಪೋಕಿನ ಹಿಂಬದಿ ತಿರುಗಿಸಿ ನೋಡಿ. ಜೆಡಬ್ಲ್ಯುಎಲ್, ವಿಐಎ ಗುರುತು (ಅಲಾಯ್ ವೀಲ್‌ಗಳಿಗೆ ಜಪಾನಿನ ಗುಣಮಟ್ಟ ಮತ್ತು ಪರೀಕ್ಷೆಯ ಗುರುತುಗಳು), ಅಳತೆ, ಎಷ್ಟು ಕೆಜಿ ಹೊರುತ್ತದೆ ಅನ್ನುವ ಅಂಕಿ ಅಚ್ಚಾಗಿರಬೇಕು. ಹೆಸರಾಂತ ಡಿಸೈನ್‌ನ ನಕಲು ವೀಲ್‌ಗಳಲ್ಲಿ ಎಷ್ಟೋ ಸಲ ಈ ಅಂಕಿಯೇ ಇರುವುದಿಲ್ಲ. ಅಂಥದ್ದನ್ನು ನಾನು ಫಿಟ್ ಮಾಡಿಕೊಡುವುದಿಲ್ಲ.

ಈಗ ಕೂರುತ್ತಾ ಇಲ್ವಾ ಅನ್ನುವ ಪ್ರಶ್ನೆ. ಒಂದೇ ಹೆಸರಿನ ಕಾರು ಅಂತ ನಂಬಿ ಆರ್ಡರ್ ಮಾಡಬೇಡಿ. ಎಂಎಕ್ಸ್-5ರ ಮೊದಲ, ಎರಡನೇ ಮತ್ತು ನಾಲ್ಕನೇ ತಲೆಮಾರಿಗೆ ಪಿಸಿಡಿ, ಅಂದರೆ ಎಷ್ಟು ನಟ್ಟು ಮತ್ತು ಅವು ಕೂರುವ ವೃತ್ತದ ವ್ಯಾಸ ಎಷ್ಟು ಮಿ.ಮೀ. ಅನ್ನುವುದು, 4x100, ನಡುವಿನ ರಂಧ್ರ 54.1 ಮಿ.ಮೀ. ಮೂರನೆಯದಕ್ಕೆ, ಅಂದರೆ ಎನ್‌ಸಿಗೆ, 5x114.3 ಮತ್ತು 67.1. ಇಂಥದೇ ಓಪನ್ ಕಾರಾದ ಹೋಂಡಾ ಎಸ್2000ಕ್ಕೂ 5x114.3, ಆದರೆ ನಡುವಿನ ರಂಧ್ರ 64.1. ಹೊರಗಿನ ವೀಲ್‌ಗಳಲ್ಲಿ ಈ ರಂಧ್ರ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ, ಹಲವು ಕಾರುಗಳಿಗೆ ಆಗಲಿ ಅಂತ. ವೀಲ್ ಕೂರುವ ಕಾರಿನ ಭಾಗಕ್ಕೆ ಹಬ್ ಅನ್ನುತ್ತಾರೆ; ಅದಕ್ಕೂ ರಂಧ್ರಕ್ಕೂ ನಡುವಿನ ಸಂದಿ ತುಂಬಲು ಹಬ್ ರಿಂಗ್ ಬೇಕು. ರಿಂಗ್ ಹಾಕದೆ ಬಿಟ್ಟರೆ ವೀಲ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ 90–110 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ಅದುರುತ್ತದೆ. ಆಗ ಜನ ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಮೆಷಿನ್‌ನಲ್ಲಿ ಸರಿಯಾಗಿರುತ್ತದೆ, ರಸ್ತೆಯಲ್ಲಿ ಅದುರುತ್ತದೆ. ಬಾಡಿಯೇ ನಡುಗುವ ಓಪನ್ ಕಾರಿನಲ್ಲಿ ಇದು ಎದ್ದು ಕಾಣುತ್ತದೆ.

ನಟ್ಟು ವೀಲಿಗೆ ತಾಗುವ ತುದಿಯನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಹೋಂಡಾದ ಮೂಲ ನಟ್ಟಿನ ಕೂರುವ ಭಾಗ ಗುಂಡಗಿರುತ್ತದೆ. ಹೊರಗಿನ ಬಹುತೇಕ ವೀಲ್‌ಗಳಿಗೆ ಬೇಕಾದದ್ದು 60 ಡಿಗ್ರಿಯ ಮೊನಚು. ಗುಂಡು ನಟ್ಟನ್ನು ಮೊನಚಿನ ಕುಳಿಗೆ ಬಿಗಿದರೆ ಅದು ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ಟಾರ್ಕ್ ರೆಂಚ್ (ಎಷ್ಟು ಬಿಗಿಯಬೇಕೋ ಅಷ್ಟಾದಾಗ ಸದ್ದು ಮಾಡುವ ಸ್ಪ್ಯಾನರ್) ಕ್ಲಿಕ್ ಅನ್ನುತ್ತದೆ, ಎಲ್ಲ ಸರಿ ಅನ್ನಿಸುತ್ತದೆ, ಓಡಿದ ಮೇಲೆ ಸಡಿಲವಾಗುತ್ತದೆ. ಇಲ್ಲಿ ರಾಜಿ ಬೇಡವೇ ಬೇಡ.

ಆಫ್‌ಸೆಟ್ ಅಂದರೆ ವೀಲಿನ ಅಗಲದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಮಿ.ಮೀ. ದೂರ ಅನ್ನುವುದು; ಅದನ್ನು ಇಟಿ ಅಂತ ಬರೆಯುತ್ತಾರೆ. ಲೆಕ್ಕ ಕಷ್ಟದ್ದಲ್ಲ. ನಾಲ್ಕನೇ ತಲೆಮಾರಿನ, ಅಂದರೆ ಎನ್‌ಡಿ ಅಂತ ಕರೆಯುವ ಎಂಎಕ್ಸ್-5ಕ್ಕೆ ಫ್ಯಾಕ್ಟರಿಯಿಂದ ಬರುವ ದೊಡ್ಡ ವೀಲ್ 17x7 (ವ್ಯಾಸ 17 ಇಂಚು, ಅಗಲ 7 ಇಂಚು), ಇಟಿ 45. ಅದರ ಬದಲು 17x8, ಇಟಿ 40 ಹಾಕಿದಿರಿ ಅಂದುಕೊಳ್ಳಿ. ಒಂದು ಇಂಚು ಅಗಲ ಜಾಸ್ತಿಯಾದ್ದರಿಂದ ಎರಡೂ ಕಡೆಗೆ 12.7 ಮಿ.ಮೀ. ಇಟಿ 5 ಇಳಿದದ್ದರಿಂದ ಇಡೀ ವೀಲ್ 5 ಮಿ.ಮೀ. ಹೊರಗೆ. ಒಟ್ಟು ಹೊರಗಡೆ 17.7, ಒಳಗಡೆ 7.7. ಫೆಂಡರ್ ತುಂಬಿದ ಹಾಗೆ ಕಂಡು ಖುಷಿಯಾಗುತ್ತದೆ, ಒಪ್ಪುತ್ತೇನೆ. ಆದರೆ ವೀಲ್ ಹೊರಗೆ ಬಂದಷ್ಟೂ ಸ್ಟೀರಿಂಗಿನ ತಿರುಗುವ ಅಕ್ಷ ಮತ್ತು ಟೈರ್ ನೆಲ ಮುಟ್ಟುವ ಜಾಗದ ನಡುವಿನ ಅಂತರ ಬದಲಾಗುತ್ತದೆ. ರಸ್ತೆಯ ಪ್ರತಿ ಗೀರು ಕೈಯನ್ನು ಎಳೆಯಲು ಶುರು ಮಾಡುತ್ತದೆ. ಈ ಕಾರುಗಳನ್ನು ಜನ ಇಷ್ಟಪಡುವುದೇ ಸ್ಟೀರಿಂಗಿಗಾಗಿ ಅಲ್ವಾ? ಅದನ್ನು ಕೆಡಿಸಿಕೊಂಡು ಫೋಟೋಗೆ ಚೆನ್ನಾಗಿ ಕಂಡರೆ ಏನು ಬಂತು?

ಲೆಕ್ಕ ಸರಿ ಬಂದರೂ ನಾನು ಟೈರ್ ಹಾಕದ ಬರಿಯ ವೀಲನ್ನು ಮೊದಲು ಹಬ್ಬಿಗೆ ಕೂರಿಸಿ ನೋಡುತ್ತೇನೆ. ಬ್ರೇಕ್ ಕ್ಯಾಲಿಪರ್ ಮೇಲೆ ಮಕ್ಕಳು ಆಡುವ ಮೆತ್ತನೆ ಕ್ಲೇ ಸ್ವಲ್ಪ ಅಂಟಿಸಿ, ನಟ್ ಬಿಗಿದು, ಕೈಯಲ್ಲಿ ನಿಧಾನ ತಿರುಗಿಸುತ್ತೇನೆ. ಸ್ಪೋಕ್ ಸವರಿಕೊಂಡು ಹೋದ ಜಾಗದಲ್ಲಿ ಉಳಿದ ಕ್ಲೇಯ ದಪ್ಪ ಎಷ್ಟೋ, ಸಂದಿ ಅಷ್ಟು. ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕ್ ಇರುವ ಎಂಎಕ್ಸ್-5ಕ್ಕೆ 16 ಇಂಚಿನ ಕೆಲವು ವೀಲ್‌ಗಳು ಕೂರುವುದಿಲ್ಲ. ಅದು ಇಲ್ಲೇ ಗೊತ್ತಾಗುವುದು. ಟೈರ್ ಹಾಕಿದ ಮೇಲೆ ಮುಂದಿನ ಒಂದು ವೀಲನ್ನು ಮರದ ದಿಮ್ಮಿ ಮೇಲೆ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸುತ್ತೇನೆ. ಒಂದು ಸುತ್ತು ಓಡಿಸಿ ಬಂದು ಫೆಂಡರ್ ಒಳಗಿನ ಪ್ಲಾಸ್ಟಿಕ್‌ಗೆ ಟಾರ್ಚ್ ಬಿಡುತ್ತೇನೆ. ಉಜ್ಜಿದ್ದರೆ ಅಲ್ಲಿ ಹೊಳಪು ಗೆರೆ ಕಾಣುತ್ತದೆ. ಫಿಟ್ ಮಾಡಿದ ಟೈರ್ ವಾಪಸ್ ಹೋಗುವುದಿಲ್ಲ. ಆದ್ದರಿಂದ ಕ್ಲೇ ಪರೀಕ್ಷೆಗೆ ಹಿಡಿಯುವ ಹೊತ್ತು ದಂಡವಲ್ಲ.

ಟೈರ್ ಆರಿಸುವಾಗ ಅಗಲ ಒಳ್ಳೆಯದು ಅನ್ನುವ ನಂಬಿಕೆ ಗಟ್ಟಿಯಾಗಿದೆ. ಹಗುರ ಕಾರಿಗೆ ಅದು ಪೂರ್ತಿ ನಿಜ ಅಲ್ಲ. ತೂಕ ಕಮ್ಮಿ ಇದ್ದು ಟೈರ್ ಅಗಲವಾದರೆ ಮಳೆ ನೀರಿನ ಮೇಲೆ ಬೇಗ ತೇಲುತ್ತದೆ. ಗಟ್ಟಿ ಗೋಡೆಯ, ಭಾರದ ಕಾರುಗಳಿಗೆ ಅಂತ ಮಾಡಿದ ಟೈರ್ ಹಾಕಿದರೆ ಗಾಡಿ ಕುಣಿಯುತ್ತದೆ. ಎನ್‌ಡಿಯ ಮೂಲ ಟೈರ್ 205/45 ಆರ್17 84 ಡಬ್ಲ್ಯು. 84 ಅಂದರೆ ಟೈರೊಂದಕ್ಕೆ 500 ಕೆಜಿ, ಡಬ್ಲ್ಯು ಅಂದರೆ ಗಂಟೆಗೆ 270 ಕಿ.ಮೀ. ಇದಕ್ಕಿಂತ ಕೆಳಗಿನದು ಬೇಡ. ತೀರಾ ಮೇಲಿನದರಿಂದ ಲಾಭವೂ ಇಲ್ಲ. ಗಾಳಿಯೂ ಹಾಗೇ. ಈ ಕಾರಿಗೆ ಹೇಳಿರುವುದು 29 ಪಿಎಸ್‌ಐ. ಅಭ್ಯಾಸಬಲದಿಂದ 34 ತುಂಬಿಸಿಕೊಂಡು ಬಂದು, ಸಸ್ಪೆನ್ಷನ್ ಗಟ್ಟಿಯಾಗಿದೆ ಅಂತ ಹೇಳುವವರು ಬಹಳ. ಎಷ್ಟೋ ಸಲ ಗೇಜ್ ಹಿಡಿದು ಗಾಳಿ ಇಳಿಸಿ ಕಳಿಸಿದ್ದಷ್ಟೇ ನನ್ನ ಕೆಲಸ.

ಟ್ರ್ಯಾಕ್ ದಿನಗಳಿಗೆ ಹೋಗುವವರು ಟ್ರೆಡ್‌ವೇರ್ (ಸವೆತ ತಡೆಯುವ ಅಂಕಿ, ಕಮ್ಮಿ ಇದ್ದಷ್ಟೂ ಬೇಗ ಸವೆಯುತ್ತದೆ) 200 ಇರುವ ಮೆತ್ತನೆ ಟೈರ್ ಕೇಳುತ್ತಾರೆ. ಹಿಡಿತ ಅದ್ಭುತ. ಬಟ್ಟೆಯ ಟಾಪಿನ ಕೆಳಗೆ ಅದರ ಸದ್ದು ಕಿವಿಗೆ ಬಡಿಯುತ್ತದೆ, ಮಳೆಯಲ್ಲಿ ಎಚ್ಚರ ಬೇಕು. ದಿನಾ ಓಡಿಸುವವರಿಗೆ ನಾನು ಕೊಡುವುದಿಲ್ಲ. ಸಮ್ಮರ್ ಟೈರ್ ಯಾವುದೇ ಆಗಲಿ, ಸುಮಾರು 7 ಡಿಗ್ರಿಗಿಂತ ಕೆಳಗೆ ರಬ್ಬರ್ ಗಟ್ಟಿಯಾಗುತ್ತದೆ ಅನ್ನುವುದು ನೆನಪಿರಲಿ.

ಓಪನ್ ಕಾರುಗಳಲ್ಲಿ ಮಾತ್ರ ಪದೇ ಪದೇ ಕಾಣುವ ಇನ್ನೊಂದು ವಿಷಯ ಇದೆ. ಬಿಸಿಲು ಚೆನ್ನಾಗಿದ್ದ ದಿನ ಮಾತ್ರ ಇವು ಹೊರಗೆ ಬರುತ್ತವೆ. ಉಳಿದ ದಿನ ಕವರ್ ಕೆಳಗೆ ನಿಂತಿರುತ್ತವೆ. ಟ್ರೆಡ್, ಅಂದರೆ ನೆಲ ಮುಟ್ಟುವ ಮೇಲ್ಮೈ, ಸವೆಯುವುದಿಲ್ಲ, ರಬ್ಬರ್ ಮುದಿಯಾಗುತ್ತದೆ. "ಟೈರ್ ಹೊಸದೇ ಇದೆ ಸರ್, ವೀಲ್ ಮಾತ್ರ ಬದಲಾಯಿಸಿ" ಅಂದಾಗ ನಾನು ಪಕ್ಕದ ಗೋಡೆಯ ನಾಲ್ಕು ಅಂಕಿ ಹುಡುಕುತ್ತೇನೆ. 2316 ಅಂತಿದ್ದರೆ 2016ರ 23ನೇ ವಾರ. ಟ್ರೆಡ್ ಬ್ಲಾಕಿನ ಬುಡವನ್ನು ಹೆಬ್ಬೆರಳಲ್ಲಿ ಅಗಲಿಸಿ ನೋಡಿದರೆ ಸಣ್ಣ ಸಣ್ಣ ಬಿರುಕು ಕಾಣುತ್ತವೆ. ಇಂಥ ಟೈರನ್ನು ಹೊಸ ವೀಲಿಗೆ ಏರಿಸುವುದು ತಪ್ಪು.

ಎಸ್2000ದಂಥ ಕಾರಿನಲ್ಲಿ ಇನ್ನೂ ಜಾಗ್ರತೆ ಬೇಕು. ಮೊದಲು ಅದಕ್ಕೆ ಮುಂದೆ 205/55 ಆರ್16, ಹಿಂದೆ 225/50 ಆರ್16 ಕೊಟ್ಟಿದ್ದರು. ಆಮೇಲೆ 215/45 ಆರ್17 ಮತ್ತು 245/40 ಆರ್17 ಮಾಡಿದರು. ಹಿಂದಿನ ಅಗಲ ಅಲಂಕಾರಕ್ಕಲ್ಲ, ಹಿಂಭಾಗ ಜಾರದಂತೆ ಹಿಡಿಯುವುದು ಅದೇ. ನಾಲ್ಕೂ ಒಂದೇ ಅಳತೆ ಹಾಕುತ್ತೇನೆ ಅನ್ನುವವರಿಗೆ ಇದನ್ನು ಕೂರಿಸಿ ವಿವರಿಸುತ್ತೇನೆ. ಎಂಎಕ್ಸ್-5ರಲ್ಲಿ ಆ ಗೊಡವೆ ಇಲ್ಲ, ನಾಲ್ಕೂ ಒಂದೇ. ಎರಡೇ ಹೊಸ ಟೈರ್ ಕೊಂಡರೆ ಹಿಂದೆ ಹಾಕಿ.

ಎಲ್ಲ ಕೇಳಿದ ಮೇಲೂ ಕೆಲವರಿಗೆ 18 ಇಂಚೇ ಬೇಕು. ನಾನು ಬೇಡ ಅನ್ನುವುದಿಲ್ಲ, ಗಾಡಿ ಅವರದು. ಎನ್‌ಡಿಗೆ 205/40 ಆರ್18 ಹಾಕಿದರೆ ವ್ಯಾಸ 616ರಿಂದ 621ಕ್ಕೆ ಹೋಗುತ್ತದೆ, ಅಷ್ಟು ಕೆಟ್ಟದ್ದಲ್ಲ. ಹಗುರ ವೀಲೇ ಇರಲಿ ಅಂತ ಒತ್ತಾಯ ಮಾಡುತ್ತೇನೆ. ನನ್ನನ್ನೇ ಕೇಳಿದರೆ ಸಾಮಾನ್ಯ ಬ್ರೇಕಿನ ಎನ್‌ಡಿಗೆ 16 ಇಂಚಿನ ಹಗುರ ವೀಲ್, 205/50 ಆರ್16 ಟೈರ್ ಹಾಕುತ್ತೇನೆ. ವ್ಯಾಸ 611, ಗೋಡೆ 102 ಮಿ.ಮೀ. ಆ ಸೆಟ್ ಹಾಕಿಸಿಕೊಂಡು ಹೋದವರು ಮತ್ತೆ ದೊಡ್ಡದು ಕೇಳಿಕೊಂಡು ಬಂದದ್ದು ಕಮ್ಮಿ.

ಯಾವುದೇ ಸೆಟ್ ಹಾಕಿಸಿಕೊಂಡರೂ ಅಲೈನ್‌ಮೆಂಟ್ ಮಾಡಿಸಿ. 50–100 ಕಿ.ಮೀ. ಓಡಿಸಿದ ಮೇಲೆ ಒಮ್ಮೆ ಬನ್ನಿ, ನಟ್ಟುಗಳನ್ನು ಕಾರಿನ ಪುಸ್ತಕದಲ್ಲಿರುವ ಟಾರ್ಕಿಗೆ ಮತ್ತೆ ಬಿಗಿಯಬೇಕು. ಹಳೇ ವೀಲ್ ಮಾರುವವರು ಅದರ ಮೂಲ ನಟ್ಟುಗಳನ್ನೂ ಜೊತೆಗೇ ಕೊಡಿ. ಕೊಂಡವರಿಗೆ ಅವೇ ಬೇಕಾಗುತ್ತವೆ.