ಚಾಂಗಿಯಲ್ಲಿ ಹನ್ನೆರಡೂವರೆ ಗಂಟೆ

ಮೆಲ್ಬರ್ನ್‌ನ ತಂಗಿಯ ಮನೆಯಿಂದ ಅಮ್ಮನನ್ನು ಬೆಂಗಳೂರಿಗೆ ಕರೆತರುವಾಗ, ಟಿಕೆಟ್ಟಿನ ದರದಲ್ಲಿ ಒಂದಿಷ್ಟು ಉಳಿಯುತ್ತದೆಂಬ ಆಸೆಗೆ, ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಡೀ ರಾತ್ರಿ ಕಾಯಬೇಕಾದ ಪ್ರಯಾಣವನ್ನು ನಾನೇ ಆರಿಸಿಕೊಂಡಿದ್ದೆ. ರಾತ್ರಿ ಒಂಬತ್ತಕ್ಕೆ ಇಳಿಯುವುದು, ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮುಂದಿನ ವಿಮಾನ ಹತ್ತುವುದು. ಅಮ್ಮನಿಗೆ ಎಪ್ಪತ್ತೆರಡು ವರ್ಷ, ಜೊತೆಗೆ ಮಂಡಿನೋವು ಮತ್ತು ಸಕ್ಕರೆ ಕಾಯಿಲೆ. ಉಳಿಸಿದ ಹಣಕ್ಕೆ ಅವಳ ಮಂಡಿಯಿಂದ ಬಡ್ಡಿ ಕಟ್ಟಿಸುತ್ತಿದ್ದೇನೆಯೇ ಎಂಬ ಅಳುಕು ವಿಮಾನದಲ್ಲಿ ಕುಳಿತ ಏಳೂವರೆ ಗಂಟೆಯೂ ನನ್ನನ್ನು ಬಿಡಲಿಲ್ಲ.

ಆ ಅಳುಕಿಗೆ ಹಿಂದಿನದೊಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಕೊಲ್ಲಿ ರಾಷ್ಟ್ರವೊಂದರ ನಿಲ್ದಾಣದಲ್ಲಿ ಇಂಥದೇ ರಾತ್ರಿಯೊಂದನ್ನು ಒಬ್ಬಳೇ ಕಳೆದಿದ್ದೆ. ಸಿಕ್ಕ ಸಮಯ ವ್ಯರ್ಥವಾಗಬಾರದೆಂದು ಮೂರು ಗಂಟೆಯವರೆಗೆ ಅಂಗಡಿಯಿಂದ ಅಂಗಡಿಗೆ ಸುತ್ತಿ, ಕೊನೆಗೆ ಕುರ್ಚಿಯೊಂದರಲ್ಲಿ ಒರಗಿದವಳು, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಭುಜ ಅಲುಗಾಡಿಸಿ ಎಬ್ಬಿಸದಿದ್ದರೆ ವಿಮಾನವನ್ನೇ ತಪ್ಪಿಸಿಕೊಳ್ಳುತ್ತಿದ್ದೆ. ಆದ್ದರಿಂದ ಈ ಸಲ ನೋಡಬೇಕಾದ್ದು ಒಂದು ಅಥವಾ ಎರಡು, ಉಳಿದದ್ದೆಲ್ಲ ನಿದ್ದೆ ಎಂದು ಮೊದಲೇ ನಿಶ್ಚಯಿಸಿದ್ದೆ. ಪೆಟ್ಟಿಗೆಗಳು ನೇರವಾಗಿ ಬೆಂಗಳೂರಿಗೆ ಹೋಗುವಂತೆ ಮತ್ತು ಎರಡನೆಯ ವಿಮಾನದ ಬೋರ್ಡಿಂಗ್ ಪಾಸೂ ಮೆಲ್ಬರ್ನ್‌ನಲ್ಲಿಯೇ ಕೈಗೆ ಬರುವಂತೆ ನೋಡಿಕೊಂಡಿದ್ದರಿಂದ ನಮ್ಮ ಬಳಿ ಎರಡು ಕೈಚೀಲಗಳು, ಎರಡು ಶಾಲು, ಒಂದು ನೀರಿನ ಬಾಟಲಿ, ತಂಗಿ ಕಟ್ಟಿಕೊಟ್ಟ ಚಪಾತಿ ಇಷ್ಟೇ ಇದ್ದವು.

ಒಂದನೆಯದು ಜಲಪಾತ. 2019ರಲ್ಲಿ ತೆರೆದ, ವಾಸ್ತುಶಿಲ್ಪಿ ಮೋಶೆ ಸಫ್ದಿ ರೂಪಿಸಿದ ಜ್ಯುವೆಲ್ ಎಂಬ ಗಾಜಿನ ಗುಮ್ಮಟದ ನಡುವಿನ ತೂತಿನಿಂದ ನಲವತ್ತು ಮೀಟರ್ ಕೆಳಗೆ ಬೀಳುವ ಅದು, ಕಟ್ಟಡದೊಳಗಿನ ಜಲಪಾತಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು. ಆದರೆ ಜ್ಯುವೆಲ್ ಇರುವುದು ವಲಸೆ ತಪಾಸಣೆಯ ಆಚೆ, ಭಾರತದ ಪಾಸ್‌ಪೋರ್ಟಿನವರು ಅಲ್ಲಿಗೆ ಕಾಲಿಡಲು ವೀಸಾ ಬೇಕು. ಆಸ್ಟ್ರೇಲಿಯದಂಥ ಕೆಲವು ದೇಶಗಳ ವೀಸಾ ಉಳ್ಳವರಿಗೆ ತೊಂಬತ್ತಾರು ಗಂಟೆಗಳ ವಿನಾಯಿತಿ ಇದೆಯಾದರೂ ಅದಕ್ಕೂ ಷರತ್ತುಗಳಿವೆ, ಸಾಲಿನಲ್ಲಿ ನಿಲ್ಲುವುದಂತೂ ತಪ್ಪುವುದಿಲ್ಲ. ಅಮ್ಮನ ಮಂಡಿಯನ್ನು ನೆನೆದು ನಾನು ಆ ಗೊಡವೆಗೇ ಹೋಗಲಿಲ್ಲ. ಎರಡನೆಯ ಮತ್ತು ಮೂರನೆಯ ಟರ್ಮಿನಲ್‌ಗಳ ನಡುವೆ ಓಡುವ ಸ್ಕೈಟ್ರೇನ್ ಆ ಗುಮ್ಮಟವನ್ನು ಸೀಳಿಕೊಂಡೇ ಹೋಗುತ್ತದೆ, ಹೊರಗೆ ಹೋಗದ ಪ್ರಯಾಣಿಕರೂ ಅದನ್ನು ಹತ್ತಬಹುದು ಎಂಬುದು ಗೊತ್ತಿತ್ತು. ರಾತ್ರಿ ಹತ್ತಕ್ಕೆ ನೀರು ನಿಲ್ಲಿಸುತ್ತಾರೆಂದು ಓದಿದ್ದರಿಂದ ಇಳಿದ ಕೂಡಲೇ ಅತ್ತ ನಡೆದೆವು.

ರೈಲು ಗಾಜಿನ ಗೋಡೆ ದಾಟಿ ಒಳಹೊಕ್ಕಾಗ ಎರಡೂ ಕಡೆ ಮೆಟ್ಟಿಲುಮೆಟ್ಟಿಲಾಗಿ ಬೆಳೆಸಿದ ಕಾಡು, ನಡುವೆ ಬಣ್ಣದ ಬೆಳಕಿನಲ್ಲಿ ಸುತ್ತಲೂ ಒಂದೇ ಸಮನೆ ಇಳಿಯುವ ನೀರಿನ ಕಂಬ. ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಅದು ಹಿಂದೆ ಸರಿದುಹೋಯಿತು. ಟಿಕೆಟ್ಟಿಲ್ಲ, ಕೇಳುವವರಿಲ್ಲ. ಹೀಗಾಗಿ ಅದೇ ರೈಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಮೂರು ಸಲ ಹೋಗಿಬಂದೆವು. ಅಮ್ಮ ತಾಳಗುಪ್ಪದ ಕಡೆಯವಳು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯುವ ಮೊದಲು, ಚಿಕ್ಕ ಹುಡುಗಿಯಾಗಿ ತನ್ನ ಅಪ್ಪನ ಹೆಗಲ ಮೇಲೆ ಕೂತು ಜೋಗವನ್ನು ಕಂಡವಳು. 253 ಮೀಟರಿನ ರಾಜನನ್ನು ಕಂಡವಳಿಗೆ ಈ ನಲವತ್ತು ಮೀಟರ್ ಹಿಡಿಸಲಾರದೆಂದು ನಾನು ತುಸು ಸಂಕೋಚದಿಂದಲೇ, "ಇದು ಮಳೆನೀರನ್ನೂ ಹಿಡಿದು ಪಂಪಿನಿಂದ ಮತ್ತೆಮತ್ತೆ ಮೇಲೇರಿಸಿ ಬಿಡುವುದು ಕಣಮ್ಮ, ರಾತ್ರಿಯಾದರೆ ನಿಲ್ಲಿಸಿಬಿಡುತ್ತಾರೆ" ಎಂದೆ. ಅವಳು ಗಾಜಿನಿಂದ ಮುಖ ತಿರುಗಿಸದೆ, "ಜೋಗಕ್ಕೂ ಈಗ ನಲ್ಲಿ ಹಾಕಿದಾರಲ್ಲೇ. ಇವರು ಟೈಮಾದರೂ ಹೇಳ್ತಾರೆ" ಎಂದಳು. ಮೂರನೆಯ ಸುತ್ತು ಬೇಕೆಂದು ಕೇಳಿದವಳೂ ಅವಳೇ.

ಮುಂದಿನ ಲೆಕ್ಕವೆಲ್ಲ ನಿದ್ದೆಯದು. ಜುಲೈನಲ್ಲಿ ಮೆಲ್ಬರ್ನ್ ಗಡಿಯಾರ ಸಿಂಗಪುರಕ್ಕಿಂತ ಎರಡು ಗಂಟೆ ಮುಂದೆ, ಭಾರತದ ಗಡಿಯಾರ ಎರಡೂವರೆ ಗಂಟೆ ಹಿಂದೆ. ಎಂದರೆ ಸಿಂಗಪುರದಲ್ಲಿ ಹತ್ತೂವರೆಯಾದಾಗ ಅಮ್ಮನ ಮೈಗೆ ಮಧ್ಯರಾತ್ರಿ ದಾಟಿರುತ್ತದೆ. ಇನ್ನೇನಾದರೂ ನೋಡೋಣವೆಂದು ಎಳೆದಾಡದೆ ಆಗಲೇ ಮಲಗಿಸಿದರೆ ಐದಾರು ಗಂಟೆ ನಿದ್ದೆ ಸಿಕ್ಕೀತು. ನಿಲ್ದಾಣದೊಳಗಿನ ಹೋಟೆಲುಗಳಲ್ಲಿ ಆರು ಗಂಟೆಯ ಲೆಕ್ಕದಲ್ಲಿ ಕೋಣೆ ಸಿಗುತ್ತದೆ. ಆದರೆ ಆ ಬಾಡಿಗೆ ಕೊಟ್ಟರೆ ಟಿಕೆಟ್ಟಿನಲ್ಲಿ ಉಳಿಸಿದ್ದು ಪೂರ್ತಿ ಹೋಗುತ್ತಿತ್ತು. ಮೊದಲು ಬಂದವರಿಗೆ ದಕ್ಕುವ, ಕಾಲು ಚಾಚಿ ಒರಗಬಹುದಾದ ಆಸನಗಳ ವಿಶ್ರಾಂತಿ ತಾಣದಲ್ಲಿ ಮೂಲೆಯ ಎರಡು ಸಿಕ್ಕಿದವು. ಚಪಾತಿ ತಿಂದು, ಅಲ್ಲೇ ಸಮೀಪದಲ್ಲಿದ್ದ ಬಿಟ್ಟಿ ಕಾಲು ಒತ್ತುವ ಯಂತ್ರದಲ್ಲಿ ಅಮ್ಮ ಪಾದ ತೂರಿಸಿ ಕುಳಿತಳು. ಮೊದಲ ನಿಮಿಷ "ಅಯ್ಯೋ, ಹಿಡಿದುಬಿಡ್ತು" ಎಂದು ನಕ್ಕವಳು ಆಮೇಲೆ ಮೂರು ಸರದಿ ಮುಗಿಸಿ ಎದ್ದಳು. ಏಸಿಯ ಚಳಿಗೆ ಶಾಲು ಸಾಲದೆ ನನ್ನ ಸ್ವೆಟರನ್ನೂ ಅವಳಿಗೆ ಹೊದಿಸಿದೆ. ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೊಂಡು, ಫೋನಿನಲ್ಲಿ ಎರಡು ಅಲಾರಂ ಇಟ್ಟು ನಾನೂ ಮಲಗಿದೆ. ನನಗೆ ನಿದ್ದೆ ತುಂಡುತುಂಡಾಗಿ ಬಂತು. ಅವಳು ಐದಕ್ಕೆ ಎದ್ದದ್ದು ಸ್ವಂತ ಅಭ್ಯಾಸಬಲದಿಂದ.

ಚಹಾ ಕೊಳ್ಳುವಾಗ ಒಂದು ಪಾಠ ಕಲಿತೆ. ಸಿಂಗಪುರದಲ್ಲಿ ಬರಿದೇ 'ಟೆ' ಎಂದರೆ ಸಿಹಿಯಾದ ಗಟ್ಟಿ ಹಾಲು ಬೆರೆಸಿದ ಚಹಾ. 'ಸಿ' ಸೇರಿಸಿದರೆ ಸಿಹಿಯಿಲ್ಲದ ಡಬ್ಬಿ ಹಾಲು, 'ಕೊಸೊಂಗ್' ಎಂದರೆ ಸಕ್ಕರೆ ಬೇಡ. 'ಟೆ ಸಿ ಕೊಸೊಂಗ್' ಎಂದು ಒಪ್ಪಿಸಿ ತಂದ ಲೋಟವನ್ನು ಅಮ್ಮ ಚಪ್ಪರಿಸಿ, ಚಹಾ ಎಂದು ಒಪ್ಪಿಕೊಂಡಳು.

ಎರಡನೆಯದು ಮೂರನೆಯ ಟರ್ಮಿನಲ್‌ನ ಚಿಟ್ಟೆಗಳ ತೋಟ. ಅದರ ಬಾಗಿಲು ರಾತ್ರಿಯೂ ತೆರೆದಿರುತ್ತದೆ, ಆದರೆ ಕತ್ತಲಾದ ಮೇಲೆ ಚಿಟ್ಟೆಗಳು ಎಲೆಗಳ ಅಡಿಯಲ್ಲಿ ಮುದುಡಿರುತ್ತವೆಯಾದ್ದರಿಂದ ಬೆಳಗಿಗೆ ಮೀಸಲಿಟ್ಟಿದ್ದೆ. ಸಮಭಾಜಕದ ಬಳಿಯ ಆ ಊರಿನಲ್ಲಿ ವರ್ಷವಿಡೀ ಸೂರ್ಯ ಏಳುವುದು ಏಳರ ಸುಮಾರಿಗೆ. ಏಳೂವರೆಗೆ ನಾವು ಒಳಹೊಕ್ಕಾಗ ಏಸಿಯ ಚಳಿ ಬಿಟ್ಟುಹೋಗಿ ಸೆಕೆಯ ಹಬೆ ಮುಖಕ್ಕೆ ಹೊಡೆಯಿತು. ತಟ್ಟೆಯಲ್ಲಿ ಹೆಚ್ಚಿಟ್ಟಿದ್ದ ಅನಾನಸಿನ ಹೋಳುಗಳ ಮೇಲೆ ನಾಲ್ಕೈದು ಚಿಟ್ಟೆಗಳು ಆಗಲೇ ಕುಳಿತಿದ್ದವು, ಉಳಿದವು ಒಂದೊಂದಾಗಿ ರೆಕ್ಕೆ ಬಿಚ್ಚಿ ಬೆಳಕಿಗೆ ಬರುತ್ತಿದ್ದವು. ಅಮ್ಮ ಚಿಟ್ಟೆಗಳಿಗಿಂತ ಅನಾನಸನ್ನೇ ಹೆಚ್ಚು ಹೊತ್ತು ನೋಡಿ, ಮುಳ್ಳು ತೆಗೆದ ರೀತಿ ಸರಿಯಿಲ್ಲವೆಂದಳು.

ಚಾಂಗಿಯ ಈ ಟರ್ಮಿನಲ್‌ಗಳಲ್ಲಿ ಕೈಚೀಲದ ತಪಾಸಣೆ ನಡೆಯುವುದು ಗೇಟಿನ ಬಾಗಿಲಲ್ಲೇ ಎಂಬುದನ್ನು ಮಾತ್ರ ಅವಳಿಗೆ ಹೇಳಲು ಮರೆತಿದ್ದೆ. ದಾರಿಯಲ್ಲಿ ಕುಡಿಯುವ ನೀರಿನ ನಲ್ಲಿ ಕಂಡಲ್ಲಿ ಮುಕ್ಕಾಲು ಲೀಟರಿನ ಬಾಟಲಿಯನ್ನು ಕಂಠದವರೆಗೆ ತುಂಬಿಸಿದ್ದಳು. ಅದನ್ನು ಚೆಲ್ಲಬೇಕೆಂದಾಗ, "ಒಳ್ಳೆ ನೀರು, ಚೆಲ್ಲೋದು ಯಾಕೆ" ಎಂದು ಸಾಲಿನಿಂದ ಪಕ್ಕಕ್ಕೆ ಸರಿದು, ತಪಾಸಣೆಯ ಹುಡುಗಿ ನಗುತ್ತ ನೋಡುತ್ತಿರುವಂತೆಯೇ, ಪೂರ್ತಿ ಕುಡಿದು ಮುಗಿಸಿದಳು. ವಿಮಾನದೊಳಗೆ, ಬೆಂಗಳೂರಿನವರೆಗೂ ತನಗೇ ಬೇಕೆಂದು ಮೆಲ್ಬರ್ನ್‌ನಲ್ಲಿ ಹಟ ಹಿಡಿದು ಪಡೆದಿದ್ದ ಕಿಟಕಿಯ ಸೀಟನ್ನು ಮರುಮಾತಿಲ್ಲದೆ ನನಗೆ ಬಿಟ್ಟುಕೊಟ್ಟು, ನಡೆದಾಡುವ ದಾರಿಯ ಬದಿಗೆ ಕುಳಿತಳು.