ಆ್ಯಂಡ್, ಆರ್ ಇಲ್ಲದ ಬ್ಯಾಚ್ ಫೈಲ್

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕಪತ್ರ, ಕಂಪ್ಯೂಟರ್ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ವೇಬ್ರಿಡ್ಜ್ ಕೋಣೆಯಲ್ಲಿರುವುದು ವಿಂಡೋಸ್ 7ರ ಹಳೇ ಕಂಪ್ಯೂಟರ್. ಭತ್ತದ ಟ್ರ್ಯಾಕ್ಟರ್ ಒಳಗೆ ಬಂದಾಗ ಒಂದು ತೂಕ, ಖಾಲಿಯಾಗಿ ಹೊರಟಾಗ ಇನ್ನೊಂದು. ಎರಡೂ ಅದರಲ್ಲೇ ದಾಖಲಾಗುತ್ತವೆ. ರೈತರಿಗೆ ದುಡ್ಡು ಕೊಡುವುದು ಇದೇ ಲೆಕ್ಕ ನೋಡಿ. ಆ ಫೈಲ್ ಹಾಳಾದರೆ ಯಾರಿಗೆ ಏನು ಉತ್ತರ ಹೇಳುವುದು? ಅದಕ್ಕೇ ದಿನಾ ರಾತ್ರಿ ಅದರ ಒಂದು ಕಾಪಿ ಪೆನ್‌ಡ್ರೈವ್‌ಗೆ ಹೋಗಲೇಬೇಕು ಅಂತ ನನ್ನ ಹಟ. ಆ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಏನೂ ಹಾಕುವಂತಿಲ್ಲ. ವಿಂಡೋಸ್ ತಾನೇ ಓಡಿಸಬಲ್ಲ ಬ್ಯಾಚ್ ಫೈಲೇ ಗತಿ, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಒಂದು ಫೈಲ್.

'ಹೀಗಿದ್ದರೆ ಇದನ್ನು ಮಾಡು' ಅನ್ನುವುದು ಇಫ್. ಬ್ಯಾಚ್ ಫೈಲಿನ ಇಫ್‌ಗೆ ನಾಟ್ (ಅಲ್ಲ) ಗೊತ್ತು. ಆ್ಯಂಡ್ (ಇದೂ ಅದೂ) ಗೊತ್ತಿಲ್ಲ, ಆರ್ (ಇದು ಅಥವಾ ಅದು) ಗೊತ್ತಿಲ್ಲ. ಜೋಡಿ ಆ್ಯಂಪರ್‌ಸ್ಯಾಂಡ್ (&&) ಇದೆಯಲ್ಲ ಅಂತೀರಾ? ಅದರ ಕೆಲಸವೇ ಬೇರೆ. ಹಿಂದಿನ ಕಮಾಂಡ್ ಸರಿಯಾಗಿ ಮುಗಿದರೆ ಮಾತ್ರ ಮುಂದಿನದನ್ನು ಓಡಿಸುತ್ತದೆ, ಅಷ್ಟೇ. ಇಫ್‌ನ ಎರಡು ಷರತ್ತುಗಳ ನಡುವೆ ಇಟ್ಟರೆ ಎರರ್ ಬರುತ್ತದೆ.

ನನಗೆ ಬೇಕಿದ್ದದ್ದು ಇಷ್ಟು: ತೂಕದ ಪ್ರೋಗ್ರಾಂ ಮುಚ್ಚಿರಬೇಕು, ಫೈಲ್ ಇರಬೇಕು, ಪೆನ್‌ಡ್ರೈವ್ ಹಾಕಿರಬೇಕು. ಮೂರೂ ಸರಿ ಇದ್ದರೆ ಕಾಪಿ. ಇದಕ್ಕೆ ಎಲ್ಲರೂ ಹೇಳುವ ಉಪಾಯ ಇಫ್ ಪಕ್ಕದಲ್ಲೇ ಇನ್ನೊಂದು ಇಫ್ ಬರೆಯುವುದು. ಕಾಲುವೆಗೆ ಒಂದರ ಮುಂದೊಂದು ಗೇಟ್ ಇದ್ದ ಹಾಗೆ, ಎಲ್ಲ ಎತ್ತಿದ್ದರೆ ಮಾತ್ರ ಕೊನೇ ಹೊಲಕ್ಕೆ ನೀರು. ಆ್ಯಂಡ್ ಏನೋ ಸಿಕ್ಕಿತು, ಆದರೆ ತೊಂದರೆ ಎಲ್ಸ್‌ನದು, ಅಂದರೆ 'ಇಲ್ಲದಿದ್ದರೆ' ಅನ್ನುವ ಭಾಗದ್ದು. ಅದು ಒಳಗಿನ ಇಫ್‌ಗೆ ಮಾತ್ರ ಅಂಟಿಕೊಳ್ಳುತ್ತದೆ. ಹೊರಗಿನ ಇಫ್ ಸುಳ್ಳಾದರೆ ಸ್ಕ್ರಿಪ್ಟ್ ಸುಮ್ನೆ ಮುಂದಕ್ಕೆ ಹೋಗಿಬಿಡುತ್ತದೆ. ಕಾಪಿ ಆಗಲಿಲ್ಲ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಕಪ್ ವಿಷಯದಲ್ಲಿ ಇದಕ್ಕಿಂತ ಅಪಾಯ ಇನ್ನೊಂದಿಲ್ಲ.

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿದೆ. ಯಾವಾಗ ಕಾಪಿ ಮಾಡಬೇಕು ಅನ್ನೋದನ್ನು ಬಿಟ್ಟು, ಯಾವಾಗ ಮಾಡಬಾರದು ಅಂತ ಬರೆದೆ. ಇಫ್ ನಾಟ್ ಎಕ್ಸಿಸ್ಟ್, ಫೈಲಿನ ಹೆಸರು, ಗೋಟು, ಒಂದು ಲೇಬಲ್: ಫೈಲ್ ಇಲ್ಲದಿದ್ದರೆ ಈ ಲೇಬಲ್ ಹೆಸರಿನ ಜಾಗಕ್ಕೆ ಹಾರು ಅಂತ. ಪೆನ್‌ಡ್ರೈವ್‌ಗೂ ಇಂಥದ್ದೇ ಸಾಲು, ಲೇಬಲ್ ಬೇರೆ. ಪ್ರೋಗ್ರಾಂ ತೆರೆದಿದೆಯಾ ಅಂತ ನೋಡಲು ಟಾಸ್ಕ್‌ಲಿಸ್ಟ್ ಕಮಾಂಡ್ ಕೊಡುವ, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ಅದರ ಹೆಸರನ್ನು ಫೈಂಡ್‌ನಿಂದ ಹುಡುಕಿಸುತ್ತೇನೆ. ಆ ಜೋಡಿ ಆ್ಯಂಪರ್‌ಸ್ಯಾಂಡ್ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಹೆಸರು ಸಿಕ್ಕರೆ ಗೋಟು. ತೆರೆದಿರುವಾಗ ಕಾಪಿ ಮಾಡಿದರೆ ಅರ್ಧ ಬರೆದ ಫೈಲ್ ಬಂದರೂ ಬರಬಹುದು, ಅದಕ್ಕೇ ಈ ಸಾಲು ಎಲ್ಲಕ್ಕಿಂತ ಮೊದಲು. ಎಲ್ಲ ತಡೆಗಳನ್ನೂ ದಾಟಿ ಕೆಳಗೆ ಬಂದರೆ ಕಾಪಿ.

'ಮೂರೂ ಸರಿ ಇವೆ' ಅನ್ನೋದು ಸುಳ್ಳಾದರೆ ಮೂರರಲ್ಲಿ ಒಂದಾದರೂ ತಪ್ಪಿದೆ ಅಂತ, ಅಲ್ವಾ? ಈ ನಿಯಮಕ್ಕೆ ಡಿ ಮಾರ್ಗನ್ ಹೆಸರಿದೆ. ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ ಇಂಗ್ಲಿಷರಾದರೂ 1806ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ತಮಿಳುನಾಡಿನ ಮದುರೈಯಲ್ಲಿ. ಆ್ಯಂಡ್, ಆರ್, ನಾಟ್‌ಗಳ ತರ್ಕಕ್ಕಿರುವ ಬೂಲಿಯನ್ ಅನ್ನುವ ಹೆಸರಿಗೆ ಕಾರಣರಾದ ಜಾರ್ಜ್ ಬೂಲ್ ಮತ್ತು ಇವರು, ಇಬ್ಬರ ತರ್ಕದ ಪುಸ್ತಕಗಳೂ ಹೊರಬಂದದ್ದು 1847ರಲ್ಲೇ.

ನನಗೆ ತುಂಬಾ ಹಿಡಿಸಿದ್ದು ಬೇರೆ ಒಂದು ವಿಷಯ. ಆ್ಯಂಡ್ ಇದ್ದಿದ್ದರೆ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು, ಕೊನೆಗೆ 'ಆಗಲಿಲ್ಲ' ಅಂತ ಒಂದೇ ಮಾತು ತೋರಿಸುತ್ತಿದ್ದೆ. ಈಗ ಒಂದೊಂದು ಲೇಬಲ್ಲಿಗೂ ಅದರದೇ ಮಾತಿದೆ. ಆ ಕಪ್ಪು ಕಿಟಕಿಯಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುವುದಿಲ್ಲ, ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದಿದ್ದೇನೆ. ಸುಗ್ಗಿಯಲ್ಲಿ ಗಾಡಿಗಳ ಸಾಲು ಕರಗುವಷ್ಟರಲ್ಲಿ ಸರಿರಾತ್ರಿ ಆಗಿರುತ್ತದೆ. ಆಗ ವೇಬ್ರಿಡ್ಜ್ ಹುಡುಗ ಫೋನ್ ಮಾಡುತ್ತಾನೆ: "ಅಣ್ಣಾ, ಪೆನ್‌ಡ್ರೈವ್ ಹಾಕ್ರಿ ಅಂತ ಬರಾಕತ್ತೈತ್ರಿ. ಡ್ರಾದಾಗ ಐತಿ, ಹಾಕ್ತೀನ್ರಿ." ಏನಾಗಿದೆ, ಏನು ಮಾಡಬೇಕು ಎರಡೂ ಅವನಿಗೇ ಗೊತ್ತಾಗಿರುತ್ತದೆ. ನಾನು ಎದ್ದು ಹೋಗಬೇಕಾಗಿಲ್ಲ.

ಆರ್ ಕಥೆಯೂ ಹೀಗೇ. ಪೆನ್‌ಡ್ರೈವ್ ಒಮ್ಮೆ ಇ ಡ್ರೈವ್ ಅಂತ ಬರುತ್ತದೆ, ಒಮ್ಮೆ ಎಫ್ ಡ್ರೈವ್ ಅಂತ. ಅದರೊಳಗೆ ಗುರುತಿಗೆ ಒಂದು ಖಾಲಿ ಫೈಲ್ ಇಟ್ಟಿದ್ದೇನೆ. ಮೊದಲು ಒಂದು ವೇರಿಯಬಲ್ (ಬೆಲೆ ಇಡುವ ಹೆಸರು) ಖಾಲಿ ಮಾಡುತ್ತೇನೆ. ಆ ಗುರುತು ಇ ಡ್ರೈವಿನಲ್ಲಿದ್ದರೆ ವೇರಿಯಬಲ್ಲಿಗೆ ಇ, ಎಫ್‌ನಲ್ಲಿದ್ದರೆ ಎಫ್. ಆಮೇಲೆ ಇಫ್ ನಾಟ್ ಡಿಫೈನ್ಡ್, ಅಂದರೆ ವೇರಿಯಬಲ್ ಇನ್ನೂ ಖಾಲಿಯಾ ಅಂತ ಒಂದೇ ಪರೀಕ್ಷೆ. ಆರ್ ಇದ್ದಿದ್ದರೆ 'ಹೌದು' ಅಂತ ಮಾತ್ರ ಹೇಳುತ್ತಿತ್ತು. ವೇರಿಯಬಲ್ ಯಾವುದು ಅಂತಲೂ ಹೇಳುತ್ತದೆ, ಕಾಪಿಗೆ ಬೇಕಾದದ್ದು ಅದೇ. ಎರಡೂ ಕಡೆ ಗುರುತು ಸಿಕ್ಕರೆ ಕೊನೇ ಸಾಲಿನದೇ ನಿಲ್ಲುತ್ತದೆ, ಅದನ್ನು ನೋಡಿಕೊಂಡು ಬರೆಯಿರಿ. ಈ ಸಾಲುಗಳನ್ನು ಬ್ರಾಕೆಟ್ ಒಳಗೆ ಮಾತ್ರ ಹಾಕಬೇಡಿ. ಬ್ರಾಕೆಟ್ ಒಳಗಿನ ಪರ್ಸೆಂಟ್ ಗುರುತಿನ ವೇರಿಯಬಲ್‌ಗಳಿಗೆ ಬೆಲೆ ತುಂಬುವುದು ಆ ಇಡೀ ಭಾಗ ಓಡುವುದಕ್ಕೆ ಮೊದಲೇ. ಒಳಗೆ ಹೊಸದಾಗಿ ಇಟ್ಟ ಬೆಲೆ ಅಲ್ಲೇ ಕಾಣಿಸುವುದಿಲ್ಲ. ಬೆಲೆಯನ್ನು ಓಡುವಾಗಲೇ ತುಂಬಿಸುವ ಡಿಲೇಡ್ ಎಕ್ಸ್‌ಪ್ಯಾನ್ಷನ್ ಅಂತ ದಾರಿ ಇದೆ, ಆದರೆ ಬ್ರಾಕೆಟ್ಟೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಕಾಪಿಗೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಕಮಾಂಡ್ ಬಳಸುತ್ತೇನೆ. ಅದು ಕೊನೆಗೆ ಒಂದು ಸಂಖ್ಯೆ ಕೊಡುತ್ತದೆ. 0 ಅಂದರೆ ಹೊಸದಾಗಿ ಕಾಪಿ ಮಾಡುವಂಥದ್ದು ಇರಲಿಲ್ಲ, 1 ಅಂದರೆ ಕಾಪಿ ಆಯಿತು. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಏನೋ ಕೆಟ್ಟಿದೆ, 16 ಬಂದರೆ ಪೂರ್ತಿ ಕೆಟ್ಟಿದೆ. ಈ ಸಂಖ್ಯೆಯನ್ನು ನೋಡುವ ಸಾಲು ಇಫ್ ಎರರ್‌ಲೆವೆಲ್ 8; ಅಂದರೆ 'ಎಂಟು ಅಥವಾ ಅದಕ್ಕಿಂತ ಮೇಲೆ' ಅಂತಲೇ ಅರ್ಥ. ಅಂದರೆ ಎಲ್ಲ ಸೋಲುಗಳ ಆರ್ ಈ ಒಂದೇ ಸಾಲಿನಲ್ಲಿ ಸಿಕ್ಕಿಬಿಡುತ್ತದೆ. ಇಲ್ಲಿ 8ರ ಬದಲು 1 ಅಂತ ಬರೆದಿರುವ ಸ್ಕ್ರಿಪ್ಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಚೆನ್ನಾಗಿ ಆದ ಕಾಪಿಯನ್ನೂ ಅವು ಫೇಲ್ ಅಂತ ತೋರಿಸುತ್ತವೆ. ನಿಮ್ಮದರಲ್ಲೂ ಹಾಗೇ ಇದ್ದರೆ ಇವತ್ತೇ 8 ಮಾಡಿಕೊಳ್ಳಿ.